ಮಡಿಸುವ ಕ್ಷೌರದ ಕತ್ತಿ

ಗಡಸು ಉಕ್ಕಿನ ಒಂದೇ ಅಲಗನ್ನು ಎರಡು ಹೋಳಿನ ಹಿಡಿಯೊಳಗೆ ಮಡಿಸಿ ಇಡುವಂತೆ ಮಾಡಿದ, ಮುಖ ಮತ್ತು ತಲೆಯ ಕೂದಲನ್ನು ಚರ್ಮದ ಮಟ್ಟಕ್ಕೆ ತೆಗೆಯುವ ಸಲಕರಣೆಗೆ ಮಡಿಸುವ ಕ್ಷೌರದ ಕತ್ತಿ ಎಂದು ಹೆಸರು. ಇದರ ಅಲಗನ್ನು ಬದಲಿಸುವಂತಿಲ್ಲ. ಬಾಯಿ ಮೊಂಡಾದಾಗ ಮಸೆದು ಮತ್ತೆ ಬಳಸಬೇಕು. ಸರಿಯಾಗಿ ನೋಡಿಕೊಂಡರೆ ಒಂದು ಕತ್ತಿ ಎರಡು ಮೂರು ತಲೆಮಾರಿಗೆ ಸಾಲುತ್ತದೆ. 18ನೆಯ ಶತಮಾನದ ನಡುವಿನಿಂದ 20ನೆಯ ಶತಮಾನದ ಆರಂಭದವರೆಗೆ ಯುರೋಪು ಮತ್ತು ಅಮೆರಿಕದ ಬಹುಪಾಲು ಕ್ಷೌರ ಇದರಿಂದಲೇ ನಡೆಯಿತು. ತಯಾರಿಕೆ ಬಹುಮಟ್ಟಿಗೆ ಯುರೋಪಿನ ಕೆಲವೇ ಊರುಗಳ ಕುಟುಂಬ ಸಂಸ್ಥೆಗಳ ಕೈಯಲ್ಲಿತ್ತು. ಭಾರತದಲ್ಲಿ ಬಳಕೆಯೂ ತಂದೆಯಿಂದ ಮಗನಿಗೆ ಬಂದ ಕಸುಬಾಗಿತ್ತು. ಕತ್ತಿ ಮಾಡಿದ ಮನೆತನದ ಹೆಸರು ಉಕ್ಕಿನ ಮೇಲೆ ಅಚ್ಚಾಗಿ ಉಳಿದಿದೆ. ಅದನ್ನು ಹಿಡಿದು ದುಡಿದ ಮನೆತನಗಳ ಹೆಸರು ಅಪರೂಪಕ್ಕೆ ಮಾತ್ರ ದಾಖಲಾಗಿದೆ.

ಹೆಸರುಗಳು

ಸಂಸ್ಕೃತದ ‘ಕ್ಷುರ’ ಎಂದರೆ ಬೋಳಿಸುವ ಕತ್ತಿ. ಕ್ಷೌರ, ಕ್ಷೌರಿಕ, ಆಡುಮಾತಿನ ಚೌರ ಇವೆಲ್ಲ ಅದರಿಂದ ಬಂದವು. ದಕ್ಷಿಣ ಕನ್ನಡದಲ್ಲಿ ಬರಿಯ ‘ಕತ್ತಿ’ ಎಂದರೆ ತೋಟದಲ್ಲಿ ಸೊಪ್ಪು ಕಡಿಯುವ, ತೆಂಗಿನಕಾಯಿ ಕೆತ್ತುವ ಕತ್ತಿ ಎಂದೇ ಅರ್ಥವಾಗುವುದರಿಂದ ‘ಕ್ಷೌರದ ಕತ್ತಿ’ ಎಂದು ಬಿಡಿಸಿ ಹೇಳುವುದು ರೂಢಿ. ಹಿಂದಿ ಮತ್ತು ಉರ್ದುವಿನಲ್ಲಿ ಉಸ್ತರಾ ಎನ್ನುತ್ತಾರೆ. ಕಸುಬಿನವರು ತಮ್ಮ ಸಲಕರಣೆಗಳನ್ನು ಇಟ್ಟುಕೊಳ್ಳುವ ಚೀಲ ಅಥವಾ ಪೆಟ್ಟಿಗೆಗೆ ಹಡಪ ಎಂಬ ಹೆಸರಿದೆ. ಎಲೆ ಅಡಿಕೆಯ ಚೀಲಕ್ಕೂ ಇದೇ ಪದ. 12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣ ಬಸವಣ್ಣನವರ ಹಡಪವನ್ನು ಹೊತ್ತವನು. ಉತ್ತರ ಕರ್ನಾಟಕದ ಹಡಪದ ಸಮಾಜ ಅವನನ್ನು ತನ್ನ ಮೂಲಪುರುಷನೆಂದು ಗೌರವಿಸುತ್ತದೆ.

ಕಸುಬಿನವರನ್ನು ಕರೆಯುವ ಹೆಸರು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ತುಳುನಾಡಿನಲ್ಲಿ ಭಂಡಾರಿ, ಕರಾವಳಿಯ ಹಳೆಯ ದಾಖಲೆಗಳಲ್ಲಿ ಕೆಲಸಿ, ಒಳನಾಡಿನಲ್ಲಿ ನಾವಿದ, ನಯನಜ ಕ್ಷತ್ರಿಯ, ಇತ್ತೀಚೆಗೆ ರಾಜ್ಯವ್ಯಾಪಿಯಾಗಿ ಸವಿತಾ ಸಮಾಜ. ‘ಹಜಾಮ’ ಎಂಬುದು ರಕ್ತ ಹೀರಿ ತೆಗೆಯುವ ಚಿಕಿತ್ಸೆ ಮಾಡುವವನು ಎಂಬ ಅರ್ಥದ ಅರಬ್ಬಿ ‘ಹಜ್ಜಾಮ್’ನಿಂದ ಬಂದದ್ದು. ಕನ್ನಡದಲ್ಲಿ ಅದು ಬೈಗುಳವಾಗಿ ಬಳಕೆಗೆ ಬಿದ್ದಿರುವುದರಿಂದ ಸಮುದಾಯದ ಹೆಸರಾಗಿ ಅದನ್ನು ಬಳಸಬಾರದು.

ಉಗಮ

ತಾಮ್ರ ಮತ್ತು ಕಂಚಿನ ಬೋಳಿಸುವ ಅಲಗುಗಳು ಪ್ರಾಚೀನ ಈಜಿಪ್ಟಿನ ಗೋರಿಗಳಲ್ಲಿಯೂ ಕಂಚಿನ ಯುಗದ ಯುರೋಪಿನಲ್ಲಿಯೂ ದೊರೆತಿವೆ. ಭಾರತದಲ್ಲಿ ಕ್ಷುರದ ಉಲ್ಲೇಖ ವೇದಕಾಲದಿಂದಲೇ ಇದೆ. ಅಥರ್ವವೇದದ 6ನೆಯ ಕಾಂಡದ 68ನೆಯ ಸೂಕ್ತ ಕ್ಷೌರ ಸಂಸ್ಕಾರಕ್ಕೆ ಸಂಬಂಧಿಸಿದ್ದು. ಅದರಲ್ಲಿ ಕತ್ತಿಯೊಂದಿಗೆ ಬರುವ ದೇವತೆ ಸವಿತೃ. ಸವಿತಾ ಸಮಾಜ ಎಂಬ ಇಂದಿನ ಹೆಸರಿನ ಹಿಂದೆ ಇರುವುದು ಈ ಪರಂಪರೆ. ಮಗುವಿನ ಮೊದಲ ಕೂದಲು ತೆಗೆಯುವ ಚೌಲದ ವಿಧಿಯನ್ನು ಗೃಹ್ಯಸೂತ್ರಗಳು ಹೇಳುತ್ತವೆ. ಕಠೋಪನಿಷತ್ತು ಸಾಧನೆಯ ದಾರಿಯನ್ನು ಕ್ಷುರದ ಧಾರೆಗೆ ಹೋಲಿಸುತ್ತದೆ. ಬೌದ್ಧ ಭಿಕ್ಷು ತನ್ನದೆಂದು ಇಟ್ಟುಕೊಳ್ಳಬಹುದಾದ ಎಂಟು ವಸ್ತುಗಳಲ್ಲಿ ಕ್ಷೌರದ ಕತ್ತಿಯೂ ಒಂದು. ಶಾಕ್ಯರ ಕ್ಷೌರಿಕನಾಗಿದ್ದ ಉಪಾಲಿ ಸಂಘಕ್ಕೆ ಸೇರಿ, ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯ ನಿಯಮಗಳನ್ನು ಹೇಳಿದವನೆಂದು ಬೌದ್ಧ ಪರಂಪರೆ ನೆನೆಯುತ್ತದೆ.

ಇಂದು ಕಾಣುವ ಮಡಿಸುವ ರೂಪ ನೆಲೆಗೊಂಡದ್ದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ. ಅಲ್ಲಿ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸಿ ಎರಕ ಹೊಯ್ಯುವ ಕ್ರಮವನ್ನು ಹದಕ್ಕೆ ತಂದ. ಅದಕ್ಕೂ ಮುಂಚಿನ ಉಕ್ಕಿನಲ್ಲಿ ಇಂಗಾಲ ಒಂದೇ ಸಮನಾಗಿ ಹರಡಿರುತ್ತಿರಲಿಲ್ಲ. ಒಂದು ಕಡೆ ಗಡಸು, ಇನ್ನೊಂದು ಕಡೆ ಮೆದು. ಅಂಥ ಉಕ್ಕಿಗೆ ಕೂದಲು ಸೀಳುವಷ್ಟು ಸಪುರ ಬಾಯಿ ನಿಲ್ಲುವುದಿಲ್ಲ. ಎರಕದ ಉಕ್ಕು ಈ ತೊಡಕನ್ನು ನೀಗಿಸಿತು. ಹಳೆಯ ಕತ್ತಿಗಳ ಮೇಲೆ ‘ಕಾಸ್ಟ್ ಸ್ಟೀಲ್’ ಎಂದು ಹೆಮ್ಮೆಯಿಂದ ಒತ್ತಿರುವುದಕ್ಕೆ ಕಾರಣ ಇದೇ.

ಮೂಸೆಯ ಉಕ್ಕು ದಕ್ಷಿಣ ಭಾರತಕ್ಕೆ ಹೊಸದಾಗಿರಲಿಲ್ಲ. ಮೈಸೂರು ಸೀಮೆಯ ಕುಲುಮೆಗಳಲ್ಲಿ ಕಬ್ಬಿಣವನ್ನು ಸಣ್ಣ ಮಣ್ಣಿನ ಮೂಸೆಯಲ್ಲಿ ಕಟ್ಟಿಗೆ ಮತ್ತು ಎಲೆಯೊಂದಿಗೆ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಈ ಉಕ್ಕಿಗೆ ಯುರೋಪಿನಲ್ಲಿ ಬಿದ್ದ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದ್ದೇ ರೂಪ ಎಂಬುದು ಸಾಮಾನ್ಯವಾಗಿ ಒಪ್ಪಿಗೆಯಾದ ಅಭಿಪ್ರಾಯ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಅದನ್ನು ಬಳಸಿ ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡಿದ. ಅವನೂ ವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಸೇರಿ ಭಾರತದ ಉಕ್ಕನ್ನು ಅನುಕರಿಸುವ ಪ್ರಯತ್ನದಿಂದ ಆರಂಭಿಸಿ, ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡಿದರು. 1820 ಮತ್ತು 1822ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಆ ಮಿಶ್ರ ಉಕ್ಕಿನಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆಯಾಗಿ ಕೊಟ್ಟಿದ್ದ. ಮುಂದೆ ಶೆಫೀಲ್ಡಿನ ಅನೇಕ ಕತ್ತಿಗಳ ಮೇಲೆ ಕಾಣಿಸಿಕೊಂಡ ‘ಸಿಲ್ವರ್ ಸ್ಟೀಲ್’ ಎಂಬ ಮುದ್ರೆಯ ಹಿಂದೆ ಈ ಪ್ರಯೋಗದ ಹೆಸರಿದೆ. ಕರ್ನಾಟಕದ ಕುಲುಮೆಗೂ ಶೆಫೀಲ್ಡಿನ ಕತ್ತಿಗೂ ಇರುವ ಈ ಸಂಬಂಧ ಕನ್ನಡದಲ್ಲಿ ಇನ್ನೂ ಹೆಚ್ಚು ಪರಿಚಯವಾಗಬೇಕಾದದ್ದು.

ರಚನೆ

ಕತ್ತಿಯ ಕೊಯ್ಯುವ ಅಂಚು ಬಾಯಿ. ಅದರ ಎದುರಿನ ದಪ್ಪ ಅಂಚು ಬೆನ್ನು. ಅಲಗು ಹಿಡಿಯ ಕಡೆಗೆ ಸಪುರವಾಗಿ, ಮೊಳೆಯ ಆಚೆಗೆ ಬಾಲವಾಗಿ ಬಾಗುತ್ತದೆ. ಕ್ಷೌರ ಮಾಡುವವನ ಕಿರುಬೆರಳು ಆತುಕೊಳ್ಳುವುದು ಈ ಬಾಲದ ಮೇಲೆ. ಅಲಗಿಗೂ ಮೊಳೆಗೂ ನಡುವಿನ ಚಪ್ಪಟೆ ಭಾಗದಲ್ಲಿ ತಯಾರಕರ ಮುದ್ರೆ ಇರುತ್ತದೆ. ಹಿಡಿಯ ಎರಡು ಹೋಳುಗಳನ್ನು ಕೊಂಬು, ಆನೆದಂತ, ಕರಿಮರ, ಗಟ್ಟಿ ರಬ್ಬರು ಅಥವಾ ಸೆಲ್ಯುಲಾಯ್ಡ್‌ನಿಂದ ಮಾಡುತ್ತಿದ್ದರು. ಸೆಲ್ಯುಲಾಯ್ಡ್ ಹಳತಾದಾಗ ಆಮ್ಲದ ಆವಿ ಬಿಡುತ್ತದೆ. ಹೊರಗಿನಿಂದ ಹಿಡಿ ಚೆನ್ನಾಗಿಯೇ ಕಾಣುತ್ತಿದ್ದರೂ ಒಳಗೆ ಮಡಿಸಿಟ್ಟ ಅಲಗು ತುಕ್ಕು ಹಿಡಿದು ತೂತು ಬೀಳುತ್ತದೆ.

ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ನಿಶ್ಚಿತ ಅನುಪಾತವಿದೆ. ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರುತ್ತವೆ. ಹಾಗಾಗಿ ಬಾಯಿಯ ಕೋನವನ್ನು ಕೈ ನಿರ್ಧರಿಸುವುದಿಲ್ಲ, ಕತ್ತಿಯ ಆಕಾರವೇ ನಿರ್ಧರಿಸುತ್ತದೆ. ಈ ಕೋನ ಸಾಮಾನ್ಯವಾಗಿ 16ರಿಂದ 17 ಡಿಗ್ರಿ. ಕತ್ತಿ ಮಾಡುವ ಕಸುಬಿನ ಜಾಣ್ಮೆಯೆಲ್ಲ ಈ ಸರಳ ಏರ್ಪಾಡಿನಲ್ಲಿದೆ.

ಬಗೆಗಳು

ಅಲಗಿನ ಅಗಲವನ್ನು ಅಂಗುಲದ ಎಂಟನೆಯ ಭಾಗಗಳಲ್ಲಿ ಅಳೆಯುತ್ತಾರೆ. 5/8 ಮತ್ತು 6/8 ಹೆಚ್ಚು ಬಳಕೆಯವು. ಅಡ್ಡಕೊಯ್ತದ ಆಕಾರದಲ್ಲಿ ಎರಡು ಮುಖ್ಯ ಬಗೆ: ಬೆನ್ನಿನಿಂದ ಬಾಯಿಯವರೆಗೆ ನೇರ ಇಳಿಜಾರಿರುವ ಬೆಣೆಯಾಕಾರದ್ದು, ಎರಡೂ ಬದಿಗಳನ್ನು ಒಳಕ್ಕೆ ಕೊರೆದ ಟೊಳ್ಳು ಸಾಣೆಯದ್ದು. ಮೊದಲನೆಯದು ಹಳತು, ತೂಕದ್ದು, ಗಡುಸು ಗಡ್ಡಕ್ಕೆ ತಕ್ಕದ್ದು. ಎರಡನೆಯದು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸೋಲಿಂಗೆನ್ನಿನಲ್ಲಿ ಪೂರ್ಣ ರೂಪ ಪಡೆಯಿತು. ಪೂರ್ತಿ ಟೊಳ್ಳು ಸಾಣೆಯ ಅಲಗು ಕಾಗದದಷ್ಟು ತೆಳ್ಳಗಿರುತ್ತದೆ. ಗಡ್ಡದ ಮೇಲೆ ಎಳೆದಾಗ ಸಣ್ಣ ನಾದ ಹೊರಡಿಸುತ್ತದೆ. ತುದಿ ದುಂಡಗಿರಬಹುದು, ಚೌಕವಾಗಿರಬಹುದು. ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇರುವವೂ ಇವೆ.

ಮಸೆತ ಮತ್ತು ಬಳಕೆ

ಕತ್ತಿಯನ್ನು ಮಸೆಗಲ್ಲಿನ ಮೇಲೆ ನೀರು ಹಾಕಿ ಬಾಯಿ ಮುಂದಾಗಿ ಎಳೆಯುತ್ತಾರೆ. ಚರ್ಮದ ಪಟ್ಟಿಯ ಮೇಲೆ ಇದಕ್ಕೆ ತದ್ವಿರುದ್ಧ: ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗಲೂ ಬೆನ್ನಿನ ಮೇಲೆಯೇ ಹೊರಳಿಸಬೇಕು. ಇಲ್ಲಿ ತಪ್ಪಿದರೆ ಒಂದೇ ಎಳೆತಕ್ಕೆ ಬಾಯಿಯೂ ಹೋಗುತ್ತದೆ, ಪಟ್ಟಿಯೂ ಸೀಳುತ್ತದೆ. ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ ಸಾಕು. ಪಟ್ಟಿಯ ಕೆಲಸ ಪ್ರತಿ ಕ್ಷೌರಕ್ಕೂ ಮುಂಚೆ ಬೇಕು. ಬೆಲ್ಜಿಯಂನ ಹಳದಿ ಕೋಟಿಕ್ಯೂಲ್ ಕಲ್ಲು ಈ ಕೆಲಸಕ್ಕೆ ಬಹು ಕಾಲದಿಂದ ಹೆಸರಾದದ್ದು. ಅದರೊಳಗಿನ ಗಾರ್ನೆಟ್ ಹರಳಿನ ಕಣಗಳು ಉಕ್ಕನ್ನು ತೆಳುವಾಗಿ ತೇಯುತ್ತವೆ.

ಕ್ಷೌರದ ಹೊತ್ತಿಗೆ ಬಿಸಿನೀರು ಮತ್ತು ಸಾಬೂನಿನಿಂದ ಕೂದಲನ್ನು ಮೆತ್ತಗೆ ಮಾಡಿ, ಒಂದು ಕೈಯಿಂದ ಚರ್ಮವನ್ನು ಬಿಗಿದು, ಅಲಗನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಹಿಡಿದು ಎಳೆಯುತ್ತಾರೆ. ಕತ್ತಿಯ ಭಾರವೇ ಕೆಲಸ ಮಾಡಬೇಕು, ಒತ್ತಿದರೆ ಗಾಯ.

ತಯಾರಕ ಕುಟುಂಬಗಳು

ಶೆಫೀಲ್ಡಿನಲ್ಲಿ ಕತ್ತಿ ಕಸುಬಿನವರ ಸಂಘ 1624ರ ಕಾಯಿದೆಯಿಂದ ಸ್ಥಾಪನೆಯಾಯಿತು. ಪ್ರತಿ ತಯಾರಕನೂ ಅದರಲ್ಲಿ ತನ್ನ ಗುರುತನ್ನು ನೋಂದಾಯಿಸಬೇಕಿತ್ತು. ಗುರುತು ಆಸ್ತಿಯಂತೆಯೇ ಮಗನಿಗೆ, ವಿಧವೆಗೆ, ಕೆಲವೊಮ್ಮೆ ಕೊಂಡವನಿಗೆ ಹೋಗುತ್ತಿತ್ತು. ಆದ್ದರಿಂದ ಒಂದು ಕತ್ತಿಯ ಮೇಲಿನ ಮುದ್ರೆಯಿಂದ ಕುಟುಂಬದ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋಗಲು ಸಾಧ್ಯ.

ಇವುಗಳಲ್ಲಿ ಬಹುಶಃ ಎಲ್ಲರಿಗಿಂತ ಹೆಸರುವಾಸಿಯಾದದ್ದು ಜೋಸೆಫ್ ರಾಜರ್ಸ್ ಅಂಡ್ ಸನ್ಸ್. ಸಂಸ್ಥೆ ತನ್ನ ಮೂಲವನ್ನು 1682ಕ್ಕೆ ಒಯ್ಯುತ್ತದೆ. ನಾರ್ಫೋಕ್ ಬೀದಿಯ ಅದರ ಕಾರ್ಖಾನೆ, ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಅದರ ಗುರುತು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಗುಣಮಟ್ಟದ ಇನ್ನೊಂದು ಹೆಸರಾದವು. ಭಾರತವೂ ಅದರ ಮಾರುಕಟ್ಟೆಯೇ. 1851ರ ಲಂಡನ್ ಮಹಾ ಪ್ರದರ್ಶನಕ್ಕೆ ಅದು 75 ಅಲಗುಗಳ ‘ನಾರ್ಫೋಕ್ ಚಾಕು’ ಮಾಡಿತು. 1871ರಲ್ಲಿ ಷೇರು ಕಂಪನಿಯಾಯಿತು. ಅದರ ಎದುರಾಳಿ ಜಾರ್ಜ್ ವೋಸ್ಟನ್‌ಹೋಮ್ ಸಂಸ್ಥೆಯ ಗುರುತು ‘ಐ*ಎಕ್ಸ್‌ಎಲ್’. ಅಮೆರಿಕದ ವ್ಯಾಪಾರವನ್ನೇ ನೆಚ್ಚಿದ್ದ ವೋಸ್ಟನ್‌ಹೋಮ್ 1848ರಲ್ಲಿ ತನ್ನ ಕಾರ್ಖಾನೆಗೆ ವಾಷಿಂಗ್ಟನ್ ವರ್ಕ್ಸ್ ಎಂದು ಹೆಸರಿಟ್ಟ. 1971ರಲ್ಲಿ ರಾಜರ್ಸ್ ಈ ಸಂಸ್ಥೆಯನ್ನು ಕೊಂಡಿತು. ಇಂದು ಎರಡೂ ಹೆಸರುಗಳು ಶೆಫೀಲ್ಡಿನ ಎಗಿಂಟನ್ ಬಳಗದ ಕೈಯಲ್ಲಿವೆ. ಅಣ್ಣತಮ್ಮಂದಿರಾದ ವಿಲಿಯಂ ಮತ್ತು ಸ್ಯಾಮ್ಯುಯೆಲ್ ಬುಚರ್ ಅವರ ‘ವೇಡ್ ಅಂಡ್ ಬುಚರ್’ ಗುರುತಿನ ಅಗಲ ಅಲಗಿನ ಕತ್ತಿಗಳು ಅಮೆರಿಕದ ಕ್ಷೌರದಂಗಡಿಗಳಲ್ಲಿ ತುಂಬಿದ್ದವು.

ಈ ದೊಡ್ಡ ಹೆಸರುಗಳ ಕೆಳಗೆ ದುಡಿದವರು ಸಣ್ಣ ಯಜಮಾನರು: ಒಂದೆರಡು ಸಾಣೆಚಕ್ರಗಳನ್ನು ಬಾಡಿಗೆಗೆ ಹಿಡಿದು, ಮನೆಯವರ ಜತೆ ಕೆಲಸ ಮಾಡುತ್ತಿದ್ದ ಕುಟುಂಬಗಳು. ಒಣಗಲ್ಲಿನ ಮೇಲೆ ಕತ್ತಿ ಸಾಣೆ ಹಿಡಿಯುವಾಗ ಏಳುವ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಇಳಿದು ಅವರಲ್ಲಿ ಅನೇಕರು ನಡುವಯಸ್ಸು ದಾಟುವ ಮೊದಲೇ ಸಾಯುತ್ತಿದ್ದರು. ಇದಕ್ಕೆ ಆ ಕಾಲದ ವೈದ್ಯರು ‘ಸಾಣೆಗಾರರ ಉಬ್ಬಸ’ ಎಂದರು. ಹಳೆಯ ಕತ್ತಿಯ ಹೊಳಪನ್ನು ಮೆಚ್ಚುವಾಗ ಈ ಬೆಲೆಯನ್ನೂ ನೆನೆಯಬೇಕು.

ಜರ್ಮನಿಯ ಸೋಲಿಂಗೆನ್ನಿನಲ್ಲಿ ವುಪ್ಪರ್ ನದಿಯ ದಂಡೆಯ ನೀರುಚಕ್ರದ ಸಾಣೆಮನೆಗಳಲ್ಲಿ ಕೆಲಸ ನಡೆಯುತ್ತಿತ್ತು. ಪೀಟರ್ ಹೆಂಕೆಲ್ಸ್ 1731ರ ಜೂನ್ 13ರಂದು ನೋಂದಾಯಿಸಿದ ಅವಳಿಗಳ ಗುರುತು ಇಂದಿಗೂ ಬಳಕೆಯಲ್ಲಿದೆ. 1869ರಲ್ಲಿ ಬ್ಯೋಕರ್, 1906ರಲ್ಲಿ ಡಾರ್ಪ್ ಮತ್ತು ವೂಸ್ ಸೇರಿ ಕಟ್ಟಿದ ಡೋವೊ ಇಲ್ಲಿನ ಇತರ ಹೆಸರುಗಳು. ಬೇರೆ ಊರಿನವರು ಸೋಲಿಂಗೆನ್ ಹೆಸರನ್ನು ಕದಿಯದಂತೆ 1938ರಲ್ಲಿ ಕಾನೂನೇ ಬಂತು. ಫ್ರಾನ್ಸಿನ ತಿಯೆರ್ ಊರಿನ ತಿಯೆರ್ ಇಸಾರ್, ಸ್ವೀಡನ್ನಿನ ಎಸ್ಕಿಲ್ಸ್‌ಟೂನಾದ ಹೆಲ್ಯೆಸ್ಟ್ರಾಂಡ್ ಕೂಡ ಕುಟುಂಬದ ಹೆಸರು ಹೊತ್ತ ಸಂಸ್ಥೆಗಳೇ.

ಕರ್ನಾಟಕದಲ್ಲಿ

ಒಳನಾಡಿನ ಹಳ್ಳಿಗಳಲ್ಲಿ ಕ್ಷೌರಿಕ, ಊರಿನ ಸೇವೆಗೆ ಬೆಳೆಯಲ್ಲಿ ಪಾಲು ಪಡೆಯುವ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಸಲ್ಲುತ್ತಿತ್ತು. ಈ ಕಸುಬಿನ ಮನೆತನವೊಂದು ಶಾಸನಕ್ಕೆ ಏರಿದ್ದು ವಿಜಯನಗರದ ಕಾಲದಲ್ಲಿ. ಸದಾಶಿವರಾಯನ ಆಳ್ವಿಕೆಯಲ್ಲಿ (1542–1570) ಅಳಿಯ ರಾಮರಾಯನಿಗೆ ಕ್ಷೌರ ಮಾಡುತ್ತಿದ್ದ ಕೊಂಡೋಜ ಮತ್ತು ಅವನ ಕಡೆಯವರ ಕೆಲಸಕ್ಕೆ ಮೆಚ್ಚಿ, ಅವರ ಕೋರಿಕೆಯಂತೆ ನಾವಿದರ ಮೇಲಿನ ತೆರಿಗೆ ಬಿಟ್ಟುಕೊಡಲಾಯಿತು. ಒಂದೇ ಊರಿನಲ್ಲಿ ಅಲ್ಲ, ಕನ್ನಡ ನಾಡಿನ ಹಲವೆಡೆ ಈ ವಿನಾಯಿತಿಯನ್ನು ಕಲ್ಲಿನಲ್ಲಿ ಬರೆಸಿದ್ದಾರೆ. ತನಗೆ ಮಾತ್ರ ಕೇಳದೆ ಕಸುಬಿನವರೆಲ್ಲರಿಗೂ ಕೇಳಿದ ಕೊಂಡೋಜನ ಕಾರ್ಯ ಕರ್ನಾಟಕದ ಸಾಮಾಜಿಕ ಚರಿತ್ರೆಯಲ್ಲಿ ದೊಡ್ಡದು.

ತುಳುನಾಡಿನ ಭಂಡಾರಿ ಸಮುದಾಯದ ಕುಲದೇವರು ಬಾರ್ಕೂರಿನ ಕಚ್ಚೂರು ನಾಗೇಶ್ವರ. ಇಲ್ಲಿ ಭಂಡಾರಿಯ ಕೆಲಸ ಗಡ್ಡ ತೆಗೆಯುವುದಕ್ಕೆ ಮುಗಿಯುತ್ತಿರಲಿಲ್ಲ. ಮದುಮಗನ ಕ್ಷೌರ, ಮಗುವಿನ ಮೊದಲ ಕೂದಲು, ಸಾವಿನ ಮನೆಯ ಶುದ್ಧ ಇವಕ್ಕೆಲ್ಲ ಅವನು ಬರಲೇಬೇಕಿತ್ತು. ಪ್ರತಿಫಲ ಬಹುಮಟ್ಟಿಗೆ ಅಕ್ಕಿ, ಬತ್ತ, ತೆಂಗಿನಕಾಯಿಯ ರೂಪದಲ್ಲಿ ಸಲ್ಲುತ್ತಿತ್ತು.

ಸಂಪಾಜೆ ಮತ್ತು ಸುಳ್ಯ ಭಾಗ

ಸಂಪಾಜೆ ಊರು ಘಾಟಿಯ ಬುಡದಲ್ಲಿ, ಬಂಟ್ವಾಳದಿಂದ ಮಡಿಕೇರಿಯ ಮೂಲಕ ಮೈಸೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರ ಮೇಲಿದೆ. ಊರಿನ ಒಂದು ಭಾಗ ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೂ ಇನ್ನೊಂದು ಭಾಗ ಕೊಡಗಿನ ಮಡಿಕೇರಿ ತಾಲೂಕಿಗೂ ಸೇರಿದೆ. ಪಯಸ್ವಿನಿ ಹೊಳೆ ಇಲ್ಲಿಂದ ಸುಳ್ಯದ ಕಡೆಗೆ ಇಳಿಯುತ್ತದೆ. ಅರೆಭಾಷೆ, ತುಳು, ಕನ್ನಡ, ಮಲಯಾಳ ನಾಲ್ಕೂ ಕಿವಿಗೆ ಬೀಳುವ ಊರು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ಅಡಿಕೆ ತೋಟ, ರಬ್ಬರು ಗುಡ್ಡ, ಕಾಡುಗಳ ನಡುವೆ ಒಂದೊಂದಾಗಿ ಹರಡಿವೆ. ಇಂಥ ಕಡೆ ಕ್ಷೌರದ ಕಸುಬು ಕಾಲ್ನಡಿಗೆಯ ಕಸುಬು. ಕತ್ತಿ, ಕತ್ತರಿ, ಮಸೆಗಲ್ಲು, ಚರ್ಮದ ಪಟ್ಟಿ, ಕನ್ನಡಿ, ನೀರಿನ ಬಟ್ಟಲು, ಉಗುರು ತೆಗೆಯುವ ಉಳಿ ಇವಿಷ್ಟನ್ನು ಹಡಪದಲ್ಲಿ ಹಾಕಿಕೊಂಡು ಮನೆಯಿಂದ ಮನೆಗೆ ಹೋಗಬೇಕು.

ಘಾಟಿಯ ಮಳೆಗಾಲ ಕತ್ತಿಗೆ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ. ಇಂಗಾಲದ ಉಕ್ಕಿನ ಅಲಗನ್ನು ಒರಸದೆ ಮಡಿಸಿಟ್ಟರೆ ಒಂದೇ ರಾತ್ರಿಯಲ್ಲಿ ಬಾಯಿಯಲ್ಲಿ ಕಂದು ಚುಕ್ಕೆ ಏಳುತ್ತದೆ. ಚುಕ್ಕೆ ಬಾಯಿಯ ಅಂಚನ್ನು ಮುಟ್ಟಿತೆಂದರೆ ಅಷ್ಟು ಉಕ್ಕನ್ನು ಕಲ್ಲಿನಲ್ಲಿ ತೇಯ್ದು ತೆಗೆಯದೆ ಗತ್ಯಂತರವಿಲ್ಲ. ಆದ್ದರಿಂದ ಒಣಬಟ್ಟೆಯಲ್ಲಿ ಒರಸಿ ತೆಳುವಾಗಿ ಎಣ್ಣೆ ಸವರಿ, ಹಿಡಿಗೆ ಮಡಿಸದೆ ಇಡುವುದು ಕ್ರಮ.

ಹೆದ್ದಾರಿಯಲ್ಲಿ ಬಸ್ಸುಗಳು ಹೆಚ್ಚಿ, ಕಲ್ಲುಗುಂಡಿ, ಅರಂತೋಡು, ಸುಳ್ಯ ಪೇಟೆಗಳು ಬೆಳೆದಂತೆ ಕಸುಬು ಮನೆಯ ಅಂಗಳದಿಂದ ಸೆಲೂನಿನ ಕುರ್ಚಿಗೆ ಬಂತು. ಅಕ್ಕಿಯ ಜಾಗದಲ್ಲಿ ನಗದು ಬಂತು. ರಾಜ್ಯದ ಬಹುತೇಕ ಕಡೆಗಳಂತೆ ಮಂಗಳವಾರ ಸೆಲೂನುಗಳಿಗೆ ರಜೆ.

ಬದಲಿಸುವ ಬ್ಲೇಡು

ನ್ಯೂಯಾರ್ಕಿನ ಕ್ಯಾಂಫೆ ಸಹೋದರರು 1880ರಲ್ಲಿ ಕಾವಲು ಇರುವ ರೇಜರಿಗೆ ಪೇಟೆಂಟ್ ಪಡೆದರು. ಎಸೆದುಬಿಡುವ ತೆಳು ಬ್ಲೇಡನ್ನು ಮಾರುಕಟ್ಟೆಗೆ ತಂದವನು ಕಿಂಗ್ ಕ್ಯಾಂಪ್ ಜಿಲೆಟ್. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಸಂಖ್ಯೆ 90,000ದ ಸುತ್ತ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡದ್ದರಿಂದ ಒಂದು ತಲೆಮಾರಿನ ಗಂಡಸರು ಮಡಿಸುವ ಕತ್ತಿಯನ್ನು ಬಿಟ್ಟೇಬಿಟ್ಟರು. ಭಾರತದಲ್ಲಿ ಬ್ಲೇಡನ್ನು ಅಗ್ಗವಾಗಿ ಊರೂರಿಗೆ ಮುಟ್ಟಿಸಿದ್ದು ಮತ್ತೊಂದು ಕುಟುಂಬ ಉದ್ಯಮ: ಟೋಪಾಝ್ ಬ್ಲೇಡಿನ ಹರ್ಬನ್ಸ್‌ಲಾಲ್ ಮಲ್ಹೋತ್ರಾ ಅಂಡ್ ಸನ್ಸ್.

ಸೆಲೂನುಗಳಲ್ಲಿ ಮಾತ್ರ ಕತ್ತಿ ಇನ್ನೂ ಕೆಲವು ದಶಕ ಉಳಿಯಿತು. 1986ರಲ್ಲಿ ಭಾರತದಲ್ಲಿ ಎಚ್‌ಐವಿ ಮೊದಲ ಬಾರಿಗೆ ಪತ್ತೆಯಾದ ಮೇಲೆ, ಒಬ್ಬರಿಂದ ಒಬ್ಬರಿಗೆ ಅದೇ ಅಲಗು ಬಳಸಬಾರದೆಂಬ ಪ್ರಚಾರ ಬಲವಾಯಿತು. ಬ್ಲೇಡನ್ನು ನಡುವೆ ಮುರಿದು ಅರ್ಧವನ್ನು ಸಿಕ್ಕಿಸುವ, ಕತ್ತಿಯದೇ ಆಕಾರದ ಹಿಡಿ ಎಲ್ಲೆಡೆ ಬಂತು. ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಬಿಚ್ಚುವುದು ಈಗ ರೂಢಿ. ಆರೋಗ್ಯದ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಸರಿಯಾದ ಬದಲಾವಣೆ. ಮಸೆಗಲ್ಲು ಮತ್ತು ಚರ್ಮದ ಪಟ್ಟಿಯ ವಿದ್ಯೆ ಅದರೊಂದಿಗೆ ಹಿಂದೆ ಸರಿಯಿತು.

ಹಳೆಯ ಕತ್ತಿಗಳ ಕಾಲನಿರ್ಣಯ

ರಾಜಮುದ್ರೆಯ ಅಕ್ಷರಗಳು ಮೊದಲ ಸುಳಿವು: ‘ಜಿ.ಆರ್.’ ಜಾರ್ಜ್ ದೊರೆಗಳದ್ದು, ‘ಡಬ್ಲ್ಯು.ಆರ್.’ ನಾಲ್ಕನೆಯ ವಿಲಿಯಂನದ್ದು (1830–1837), ‘ವಿ.ಆರ್.’ ವಿಕ್ಟೋರಿಯಾಳದ್ದು (1837–1901). ದೇಶದ ಹೆಸರು ಇದ್ದರೆ ಕತ್ತಿ ಬಹುತೇಕ 1891ರ ನಂತರದ್ದು. 1890ರ ಅಮೆರಿಕದ ಸುಂಕ ಕಾಯಿದೆ ಆಮದು ಸರಕಿನ ಮೇಲೆ ದೇಶದ ಹೆಸರನ್ನು ಕಡ್ಡಾಯ ಮಾಡಿತು. ಸಂಸ್ಥೆಯ ವಿಳಾಸ ಬದಲಾದ ವರ್ಷ, ಪಾಲುದಾರ ಬಿಟ್ಟುಹೋದ ವರ್ಷ ಇವನ್ನು ಆ ಕಾಲದ ವ್ಯಾಪಾರ ಕೈಪಿಡಿಗಳೊಂದಿಗೆ ಹೋಲಿಸುತ್ತಾರೆ. ಇತಿಹಾಸಕಾರ ಜೆಫ್ರಿ ಟ್ವೀಡೇಲ್ ಶೆಫೀಲ್ಡಿನ ತಯಾರಕರನ್ನು ಒಬ್ಬೊಬ್ಬರಾಗಿ ದಾಖಲಿಸಿದ್ದಾನೆ. ಶೆಫೀಲ್ಡಿನ ಕೆಲ್‌ಹ್ಯಾಮ್ ದ್ವೀಪದ ವಸ್ತುಸಂಗ್ರಹಾಲಯದಲ್ಲಿರುವ ಹಾವ್ಲಿ ಸಂಗ್ರಹ, ಸೋಲಿಂಗೆನ್ನಿನ ಜರ್ಮನ್ ಅಲಗು ವಸ್ತುಸಂಗ್ರಹಾಲಯ ಹೋಲಿಕೆಗೆ ನೆರವಾಗುತ್ತವೆ.

ಕೊಳ್ಳುವವರು ಬೆನ್ನನ್ನು ನೋಡಬೇಕು. ಬೆನ್ನು ಒಂದೇ ಸಮನಾಗಿ ಸಣ್ಣ ಪಟ್ಟಿಯಂತೆ ಸವೆದಿದ್ದರೆ ಅದು ಒಳ್ಳೆಯ ಕೈಯಲ್ಲಿ ದುಡಿದ ಕತ್ತಿ. ಒಂದು ಕಡೆ ಅಗಲ, ಒಂದು ಕಡೆ ಸಪುರವಾಗಿ ಸವೆದಿದ್ದರೆ ಬಾಯಿಯೂ ಓರೆಯಾಗಿರುತ್ತದೆ. ಬಾಯಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕತ್ತಿ ಬಳಕೆಗೆ ಬಾರದು.

ಭಾರತದಲ್ಲಿ ಆನೆದಂತದ ವ್ಯಾಪಾರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯಡಿ ನಿಷಿದ್ಧ. 1991ರ ತಿದ್ದುಪಡಿ ಆಫ್ರಿಕದ ದಂತವನ್ನೂ ನಿಷೇಧಿಸಿತು. ಹಾಗಾಗಿ ದಂತದ ಹಿಡಿಯ ಕತ್ತಿ ಎಷ್ಟೇ ಹಳತಾದರೂ ಇಲ್ಲಿ ಮಾರುವಂತಿಲ್ಲ. ನೂರು ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವದ ವಸ್ತುಗಳನ್ನು ದೇಶದ ಹೊರಗೆ ಕಳಿಸುವುದನ್ನು 1972ರ ಪುರಾವಸ್ತು ಕಾಯಿದೆ ತಡೆಯುತ್ತದೆ. ಬ್ರಿಟನ್ನಿನಲ್ಲಿಯೂ 2018ರ ದಂತ ಕಾಯಿದೆ 2022ರಲ್ಲಿ ಜಾರಿಗೆ ಬಂದು ಹಳೆಯ ಕತ್ತಿಗಳ ವ್ಯಾಪಾರಿಗಳ ದಾಸ್ತಾನಿನ ಒಂದು ಭಾಗವನ್ನು ಮಾರಾಟದಿಂದ ಹೊರಗಿಟ್ಟಿತು.

ಇಂದಿನ ಸ್ಥಿತಿ

ಹೊಸ ಮಡಿಸುವ ಕತ್ತಿಗಳು ಸೋಲಿಂಗೆನ್, ತಿಯೆರ್ ಮತ್ತು ಜಪಾನಿನಲ್ಲಿ ಕಡಿಮೆ ಸಂಖ್ಯೆಯಲ್ಲಿ ತಯಾರಾಗುತ್ತಿವೆ. ಹಳೆಯವನ್ನು ಕೊಂಡು, ತುಕ್ಕು ತೆಗೆದು, ಮಸೆದು, ಬಳಕೆಗೆ ಸಿದ್ಧ ಮಾಡಿ ಮಾರುವ ಸಣ್ಣ ವ್ಯಾಪಾರಿಗಳು ಯುರೋಪು ಮತ್ತು ಅಮೆರಿಕದಲ್ಲಿದ್ದಾರೆ. ಕರ್ನಾಟಕದಲ್ಲಿ ಚೌಲ, ಮದುವೆ, ಧರ್ಮಸ್ಥಳದ ಮುಡಿಯ ಹರಕೆ ಇವೆಲ್ಲ ಮುಂದುವರಿದಿವೆ; ಅಲಗು ಮಾತ್ರ ಎಸೆದುಬಿಡುವ ಬ್ಲೇಡಿನದ್ದು. ರಥಸಪ್ತಮಿಯಂದು ರಾಜ್ಯ ಸರ್ಕಾರ ಸವಿತಾ ಮಹರ್ಷಿ ಜಯಂತಿ ಆಚರಿಸುತ್ತದೆ. ಹಳೆಯ ಹಡಪ, ಕತ್ತಿ, ಮಸೆಗಲ್ಲು ಮನೆಯ ಅಟ್ಟದಲ್ಲಿ ಇರುವವರು ಅವನ್ನು ಗುಜರಿಗೆ ಹಾಕದೆ, ಬಳಸಿದವರ ಹೆಸರು ಮತ್ತು ಊರನ್ನು ಒಂದು ಚೀಟಿಯಲ್ಲಿ ಬರೆದು ಜತೆಗಿಟ್ಟರೆ ಈ ಕಸುಬಿನ ಚರಿತ್ರೆಗೆ ಅದು ನೇರ ದಾಖಲೆಯಾಗುತ್ತದೆ.